ಕುಕ್ಕರಹಳ್ಳಿ ಕೆರೆಗೆ ನೀರು ಬರುವುದು ಎಲ್ಲಿಂದ?

ಹಿನಕಲ್ ಹೊಸಬ

ಎಲ್ಲರಿಗೂ ನಮಸ್ಕಾರ. ವಿಷಯ ಏಡಿಯಿಂದ ಶುರು ಮಾಡುತ್ತೇನೆ, ನಗಬೇಡಿ.

ಕಳೆದ ಅಕ್ಟೋಬರಿನ ಒಂದು ರಾತ್ರಿ ಜೋರು ಮಳೆ. ಹನ್ನೊಂದಕ್ಕೆ ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್ ಹಿಡಿದು ಬಾಗಿಲು ತೆಗೆದರೆ ಕಾರು ನಿಲ್ಲಿಸುವ ಜಾಗದಲ್ಲಿ ಪಾದ ಮುಳುಗುವಷ್ಟು ನೀರು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಏನೋ ಸರಿಯಿತು. ಹಾವು ಅಂದುಕೊಂಡು ಒಂದು ಮಾರು ಹಿಂದೆ ಹಾರಿದೆ. ನೋಡಿದರೆ ಏಡಿ! ಅಂಗೈ ಅಗಲ, ಕಂದು ಬಣ್ಣ. ಎರಡೂ ಕೊಂಡಿ ಎತ್ತಿಕೊಂಡು ನನ್ನನ್ನೇ ಗದರಿಸುತ್ತಿತ್ತು. ನಮ್ಮ ಮನೆ ಇರುವುದು ಮೈಸೂರಿನ ಹಿನಕಲ್ ಆಚೆಯ ಒಂದು ಲೇಔಟಿನಲ್ಲಿ. ಹತ್ತಿರದಲ್ಲಿ ಕೆರೆಯೂ ಇಲ್ಲ, ಹೊಳೆಯೂ ಇಲ್ಲ.

ಲೇಔಟ್ ಮಾಡಿದವರ ಹೆಸರು ಬೇಡ. ಸೈಟ್ ತೋರಿಸುವಾಗ "ಎತ್ತರದ ಜಾಗ ಸಾರ್, ಒಂದು ಹನಿ ನೀರು ನಿಲ್ಲಲ್ಲ" ಅಂದಿದ್ದರು. ತೋರಿಸಿದ್ದು ಏಪ್ರಿಲ್‌ನಲ್ಲಿ. ದಡ್ಡ ನಾನು.

ಮಾರನೇ ದಿನ ಹಾಲಿನ ಅಂಗಡಿ ತಾತನಿಗೆ ಹೇಳಿದೆ. ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. "ನಿಮ್ಮನೆ ಮುಂದ್ಲಿಂದ ಪೂರ್ಣಯ್ಯನ ನಾಲೆ ಹೋಗ್ತಿತ್ತು ಕಣಪ್ಪಾ. ಕುಕ್ಕರಹಳ್ಳಿ ಕೆರೆಗೆ ನೀರು ಹೋಗ್ತಿದ್ದದ್ದೇ ಅದರಲ್ಲಿ" ಅಂದರು.

ನಾನು ಆರು ವರ್ಷದಿಂದ ಭಾನುವಾರ ಭಾನುವಾರ ಆ ಕೆರೆ ಸುತ್ತು ಹಾಕುತ್ತಿದ್ದೇನೆ. ಸುತ್ತಳತೆ ನಾಲ್ಕೂವರೆ ಕಿಲೋಮೀಟರಿನ ಆಸುಪಾಸು ಅನ್ನುವುದು ಗೊತ್ತು, ಯಾವ ಗೇಟಿನ ಹತ್ತಿರ ಎಳನೀರು ಚೆನ್ನಾಗಿರುತ್ತದೆ ಅನ್ನುವುದೂ ಗೊತ್ತು. ಆದರೆ ಅಷ್ಟು ನೀರು ಅಲ್ಲಿಗೆ ಎಲ್ಲಿಂದ ಬರುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈ ನಾಲೆ ನಿಜವಾಗಿ ಏನು? ಯಾರು ತೋಡಿದ್ದು? ಗೊತ್ತಿರುವವರು ಸ್ವಲ್ಪ ಬರೆಯಿರಿ.

---

ಗಂಗೋತ್ರಿ ಹಳಬ

ಏಡಿಗೆ ನಮಸ್ಕಾರ ಹೇಳಿ. ಅದು ಅಡ್ರೆಸ್ ತಪ್ಪಿ ಬಂದಿದ್ದಲ್ಲ.

ಕತೆ ಶುರುವಾಗುವುದು ಕೆರೆಗಿಂತ ಮುಂಚೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ಆಡಳಿತ ನೋಡಿಕೊಂಡಿದ್ದು ದಿವಾನ್ ಪೂರ್ಣಯ್ಯ, 1811ರವರೆಗೆ. ಈಗ ಅವರ ಕಷ್ಟ ಯೋಚಿಸಿ. ಹಳೇ ರಾಜಧಾನಿ ಇದ್ದದ್ದು ಕಾವೇರಿಯ ನಡುವೆ. ಮನೆ ಹಿಂದೆ ಇಳಿದರೆ ನೀರು. ಹೊಸ ರಾಜಧಾನಿ ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಕಾವೇರಿ ಹದಿನೈದು ಕಿಲೋಮೀಟರ್ ದೂರದಲ್ಲೇ ಇದ್ದಾಳೆ, ಆದರೆ ಕೆಳಗೆ ಹರಿಯುತ್ತಾಳೆ. ಪಂಪ್ ಇಲ್ಲದ ಕಾಲ. ನೀರನ್ನು ಹತ್ತಿಸುವುದು ಹೇಗೆ?

ಪೂರ್ಣಯ್ಯ ಮಾಡಿದ್ದು ಇಷ್ಟು: ಕಾವೇರಿ ನೀರನ್ನು ಊರಿಗೆ ಹರಿಸಬೇಕು ಅಂತ ನಾಲೆ ತೋಡಿಸಿದರು. ಎಷ್ಟೋ ಕಡೆ ಆಳವಾಗಿ ಅಗೆದರು. ಕಾವೇರಿ ಮಾತ್ರ ಬರಲಿಲ್ಲ. ಬ್ರಿಟಿಷರ ಗೆಜೆಟಿಯರಿನಲ್ಲೂ ಇದನ್ನು ಕೈಗೂಡದ ಕೆಲಸ ಅಂತಲೇ ಬರೆದಿದ್ದಾರೆ. ಊರೊಳಗಿನ ಭಾಗ ಬರಬರುತ್ತಾ ಗಲೀಜು ಕಣಿವೆ ಆಯಿತು. 19ನೇ ಶತಮಾನದ ಕೊನೆಗೆ ಅದರ ಬಹುಪಾಲು ಮುಚ್ಚಿಸಿದರು. ಈಗಿನ ಸಯ್ಯಾಜಿರಾವ್ ರಸ್ತೆ ಆ ಮುಚ್ಚಿದ ನಾಲೆಯ ಮೇಲೇ ಇದೆ ಅಂತ ಹಳಬರು ಹೇಳುತ್ತಾರೆ. ದಸರಾ ಆನೆ ನಡೆಯುವ ರಸ್ತೆ ಸ್ವಾಮಿ ಅದು!

ಆದರೆ ಊರ ಪಶ್ಚಿಮಕ್ಕೆ, ನಿಮ್ಮ ಹಿನಕಲ್ ಕಡೆ, ನಾಲೆ ಹಾಗೇ ಉಳಿಯಿತು. ನದಿ ನೀರು ಬರದಿದ್ದರೇನು, ದಿಬ್ಬಗಳ ಮಳೆ ನೀರನ್ನೆಲ್ಲ ಬಾಚಿಕೊಂಡು ತರಲು ಅದು ಸಾಕಾಗಿತ್ತು. 1864ರಲ್ಲಿ ಮುಮ್ಮಡಿಯವರ ಕಾಲದಲ್ಲಿ ಕುಕ್ಕರಹಳ್ಳಿ ಕೆರೆ ಆಯಿತು, ಈ ನಾಲೆಯೇ ಅದರ ಜೀವನಾಡಿ. ಉದ್ದ 27 ಕಿಲೋಮೀಟರ್ ಅಂತ ಲೆಕ್ಕ. ಸೋತ ನಾಲೆಯಿಂದ ಒಂದು ಕೆರೆ ತುಂಬಿತು.

---

ಲೆಕ್ಕದ ಮೇಷ್ಟ್ರು

ಹಳಬರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡು ಕಡೆ ಕೆಂಪು ಇಂಕು ಹಾಕಬೇಕು.

ಒಂದು, "ಮುಮ್ಮಡಿಯವರ ಕಾಲ" ಅನ್ನುವುದನ್ನು ಹುಷಾರಾಗಿ ಹೇಳಬೇಕು. 1831ರಿಂದ 1881ರವರೆಗೆ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಲಿತ್ತು. 1864ರಲ್ಲಿ ಕಮಿಷನರ್ ಆಗಿದ್ದವನು ಬೌರಿಂಗ್. ಮಹಾರಾಜರು ಅರಮನೆಯಲ್ಲಿದ್ದರು, ಊರಿನ ಕೆಲಸಗಳಲ್ಲಿ ಅವರ ಆಸೆ, ಮಾತು ಎಲ್ಲ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಾವು "ರಾಜರು ಕಟ್ಟಿಸಿದರು" ಅಂದುಬಿಟ್ಟರೆ ಅರ್ಧ ಚರಿತ್ರೆ ಮಾಯ.

ಎರಡು, ಇದು ನನ್ನ ಬಹಳ ದಿನದ ತಕರಾರು. ಎಲ್ಲಿ ನೋಡಿದರೂ "ಈ ಕೆರೆ ಊರ ಹೊರಗಿನ 10,000 ಎಕರೆಗೆ ನೀರುಣಿಸುತ್ತಿತ್ತು" ಅಂತ ಬರೆದಿರುತ್ತದೆ. ಒಬ್ಬರು ಬರೆದರು, ಉಳಿದವರು ಕಾಪಿ ಹೊಡೆದರು. ಸುಮ್ನೆ ಲೆಕ್ಕ ಹಾಕಿ ನೋಡೋಣ.

ಕೆರೆ ಸುಮಾರು 62 ಹೆಕ್ಟೇರ್. ಆಳ ಹೆಚ್ಚೆಂದರೆ 5 ಮೀಟರ್. ಇಡೀ ಕೆರೆ ಸಿಮೆಂಟ್ ತೊಟ್ಟಿಯ ಹಾಗೆ ಎಲ್ಲ ಕಡೆ ಐದು ಮೀಟರ್ ಆಳ ಅಂತಲೇ ಇಟ್ಟುಕೊಳ್ಳಿ, ಧಾರಾಳ ಮಾಡೋಣ. 31 ಲಕ್ಷ ಘನ ಮೀಟರ್ ಆಯಿತು. 10,000 ಎಕರೆ ಅಂದರೆ 4,000 ಹೆಕ್ಟೇರ್. ಆ ನೀರನ್ನು ಅಷ್ಟು ನೆಲದ ಮೇಲೆ ಹರಡಿದರೆ ಎಷ್ಟು ನಿಲ್ಲುತ್ತದೆ ಗೊತ್ತಾ? ಮೂರು ಇಂಚು! ಭತ್ತಕ್ಕೆ ಒಂದು ಬೆಳೆಗೆ ಮೂರು ನಾಲ್ಕು ಅಡಿ ನೀರು ಬೇಕು. ಧಾರಾಳದ ಲೆಕ್ಕದಲ್ಲೂ ಒಮ್ಮೆ ತುಂಬಿದ ಕೆರೆ 850 ಎಕರೆ ದಾಟುವುದಿಲ್ಲ. ಕೆರೆ ತಟ್ಟೆಯ ಹಾಗೆ ಇರುತ್ತದೆ, ತೊಟ್ಟಿಯ ಹಾಗಲ್ಲ. ಹಾಗಾಗಿ ನಿಜ ಅದರ ಅರ್ಧ ಇರಬಹುದು.

---

ಕೊಪ್ಪಲು ಹುಡುಗ

ಮೇಷ್ಟ್ರೇ, ಕ್ಲಾಸಿನಲ್ಲಿ ಕೂತ ಹಾಗಾಯಿತು. 😀

ಆದರೆ ನಿಮ್ಮ ಲೆಕ್ಕದಲ್ಲಿ ಕೆರೆ ಒಂದೇ ಸಲ ತುಂಬುತ್ತದೆ. ನಮ್ಮಲ್ಲಿ ಮಳೆ ಎರಡು ಕಂತು. ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ದೊಡ್ಡದು. ನಡುವೆ ತೂಬು ಎತ್ತಿ ನೀರು ಬಿಡುತ್ತಾರೆ, ಮತ್ತೆ ತುಂಬುತ್ತದೆ. ಇನ್ನೊಂದು, ಭತ್ತ ಒಂದೇ ಬೆಳೆಯಲ್ಲ. ರಾಗಿ, ಹುರುಳಿ, ತರಕಾರಿ ಇದ್ದರೆ ಅಷ್ಟು ನೀರು ಬೇಡ. ಕೋಡಿ ಬಿದ್ದ ನೀರು ಕೆಳಗಿನ ಕಟ್ಟೆಗೆ ಹೋಗುತ್ತದೆ, ಅದನ್ನೂ ಸೇರಿಸಿ ಯಾರೋ ಬರೆದಿರಬಹುದು. ಹತ್ತು ಸಾವಿರ ಜಾಸ್ತಿಯೇ ಆಯಿತು, ಒಪ್ಪುತ್ತೇನೆ.

ನಮ್ಮ ತಾತ ಈಗಲೂ ಕೆರೆಯನ್ನು "ಅಚ್ಚುಕಟ್ಟು" ಲೆಕ್ಕದಲ್ಲೇ ಮಾತಾಡುತ್ತಾರೆ. ಯಾವ ಗದ್ದೆಗೆ ಮೊದಲು ನೀರು, ಯಾವುದು ಕೊನೆ ಅಂತ. ಆ ಗದ್ದೆಗಳಿರುವ ಜಾಗ ಈಗ ಎರಡು ಅಂತಸ್ತಿನ ಮನೆಗಳು. ತಾತನ ಪ್ರಕಾರ ಕೆರೆಗೆ ಕೆಲಸ ಇಲ್ಲದ ಮೇಲೆ ಅದು "ಪಿಂಚಣಿ ತಗೊಂಡ ಕೆರೆ".

---

ಹಿನಕಲ್ ಹೊಸಬ

ಪಿಂಚಣಿ ಕೆರೆ! ಸೂಪರ್. ಒಂದು ದಡ್ಡ ಪ್ರಶ್ನೆ. ಮೈಸೂರಿನಲ್ಲಿ ಅಷ್ಟೊಂದು ಕೆರೆ ಯಾಕೆ? ಹೊಳೆ ಪಕ್ಕದಲ್ಲೇ ಇತ್ತಲ್ಲ.

---

ಗಂಗೋತ್ರಿ ಹಳಬ

ದಡ್ಡ ಪ್ರಶ್ನೆ ಅಲ್ಲ. ಊರು ಕೂತಿರುವುದು ಎರಡು ನದಿಗಳ ನಡುವಿನ ಏಣಿನ ಮೇಲೆ, ಅಂದರೆ ಎತ್ತರದ ದಿಣ್ಣೆಯ ಮೇಲೆ. ಉತ್ತರಕ್ಕೆ ಬಿದ್ದ ಮಳೆ ಕಾವೇರಿಗೆ ಇಳಿಯುತ್ತದೆ, ದಕ್ಷಿಣಕ್ಕೆ ಬಿದ್ದದ್ದು ಕಬಿನಿಗೆ. ಏಣಿನ ಮೇಲೆ ಇರುವವರಿಗೆ ನೀರು ಯಾವಾಗಲೂ ಕೈಜಾರಿ ಹೋಗುವುದೇ. ವರ್ಷಕ್ಕೆ 80 ಸೆಂಟಿಮೀಟರ್ ಸುಮಾರು ಮಳೆ. ಅದನ್ನು ತಡೆದು ನಿಲ್ಲಿಸದಿದ್ದರೆ ಜನವರಿಗೆ ಬಾವಿ ಒಣಗುತ್ತದೆ. ಅದಕ್ಕೇ ತಗ್ಗು ಕಂಡಲ್ಲೆಲ್ಲ ಏರಿ ಕಟ್ಟಿದರು.

ಕುಕ್ಕರಹಳ್ಳಿಯಲ್ಲೂ ಅದೇ. ನೆಲ ಪಶ್ಚಿಮದಿಂದ ಊರ ಕಡೆಗೆ ಇಳಿಜಾರು. ಊರಿನ ಕಡೆಗೆ ಏರಿ, ಆಳವಾದ ನೀರು ಅಲ್ಲಿ. ಗಂಗೋತ್ರಿ (ಯೂನಿವರ್ಸಿಟಿ ಕ್ಯಾಂಪಸ್) ಕಡೆ ಹಿನ್ನೀರು, ಜೊಂಡು, ಕೆಸರು. ಸಂಜೆ ಏರಿಯ ಮೇಲೆ ನಿಂತರೆ ಸೂರ್ಯ ನೀರಿನಾಚೆ ಮುಳುಗುತ್ತಾನೆ. ಅದೇ ಗಂಗೋತ್ರಿ ಕಡೆ ನಿಂತರೆ ನೀರಿನಾಚೆ ಚಾಮುಂಡಿ ಬೆಟ್ಟ. ಮೈಸೂರಿನವರ ಅರ್ಧ ಪ್ರೇಮ ಪ್ರಕರಣಗಳು ಈ ಎರಡು ನೋಟಗಳ ನಡುವೆ ಆಗಿವೆ, ನನ್ನದೂ ಸೇರಿ.

ಮಿಕ್ಕ ಕೆರೆಗಳ ಗತಿ ಕೇಳಿ. ದೊಡ್ಡಕೆರೆ ಈಗ ದೊಡ್ಡಕೆರೆ ಮೈದಾನ, ದಸರಾ ವಸ್ತುಪ್ರದರ್ಶನ ನಡೆಯುವ ಜಾಗ. ಜೆ.ಕೆ. ಗ್ರೌಂಡ್ಸ್ ಅನ್ನುತ್ತೇವಲ್ಲ, ಅದು ಜೀವರಾಯನ ಕಟ್ಟೆ. ಸುಬ್ಬರಾಯನ ಕೆರೆಯಲ್ಲಿ ಸ್ವಾತಂತ್ರ್ಯ ಹೋರಾಟದ ಸಭೆಗಳಾದವು, ನೀರಿಲ್ಲ. ಊರಿನ ಬಾಯಲ್ಲಿ ಕೆರೆ, ಕಟ್ಟೆ ಅನ್ನುವ ಹೆಸರು ಮಾತ್ರ ಉಳಿದಿದೆ.

---

ದೂರದ ಮೈಸೂರಿನವಳು

ಹತ್ತೊಂಬತ್ತು ವರ್ಷದಿಂದ ಕೆನಡಾ. ಜೆ.ಕೆ. ಅಂದರೆ ಯಾರೋ ದೊಡ್ಡ ಮನುಷ್ಯರ ಹೆಸರು ಅಂದುಕೊಂಡಿದ್ದೆ ಇಷ್ಟು ದಿನ. ಮಾನ ಹೋಯಿತು.

---

ಲೆಕ್ಕದ ಮೇಷ್ಟ್ರು

ಕಾವೇರಿ ಕೊನೆಗೂ ಊರಿಗೆ ಬಂದಿದ್ದು 1896ರಲ್ಲಿ, ಬೆಳಗೊಳದ ಯೋಜನೆಯಿಂದ, ಕೊಳಾಯಿಯಲ್ಲಿ. ಪೂರ್ಣಯ್ಯ ತೀರಿಕೊಂಡು ಆಗಲೇ 84 ವರ್ಷ. ಆಮೇಲೆ ಕುಡಿಯುವ ನೀರಿಗೆ ಯಾರಿಗೂ ಕೆರೆ ಬೇಕಾಗಲಿಲ್ಲ. ಕೆರೆಗಳು ಮೈದಾನ ಆಗಲು ಇದೂ ಒಂದು ಕಾರಣ. ಕೊಳಾಯಿ ಬಂತು, ಕೆರೆ ಕಡೆ ನೋಡುವವರು ಇಲ್ಲವಾದರು.

---

ಸರಸ್ವತಿಪುರಂ ಸೊಸೆ

ಇಷ್ಟೆಲ್ಲ ಓದಿ ಖುಷಿಯಾಯಿತು. ಆದರೆ ಕುಕ್ಕರಹಳ್ಳಿ ಉಳಿದುಕೊಂಡಿತಲ್ಲ, ಅದು ಹೇಗೆ? ಊರ ನಡುವೆ ಇಷ್ಟು ದೊಡ್ಡ ಜಾಗ, ಯಾರೂ ಮುಟ್ಟಲಿಲ್ಲ ಅಂದರೆ ಆಶ್ಚರ್ಯ.

---

ಗಂಗೋತ್ರಿ ಹಳಬ

ನನ್ನ ಅಭಿಪ್ರಾಯ: ಯೂನಿವರ್ಸಿಟಿ ಪಕ್ಕದಲ್ಲಿ ಬಂದು ಕೂತಿದ್ದೇ ಅದರ ಅದೃಷ್ಟ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಕೆರೆಯಾಚೆಯ ಕ್ಯಾಂಪಸ್ ಬಂದಿದ್ದು 1960ರಲ್ಲಿ, ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಆಗ ಕುಲಪತಿಯಾಗಿದ್ದ ಕುವೆಂಪು. ಕೆರೆಯ ಒಂದು ಪಕ್ಕ ಪೂರ್ತಿ ಕ್ಯಾಂಪಸ್ ಆಯಿತು, ಸೈಟ್ ಆಗಲಿಲ್ಲ. ದಿಬ್ಬದ ಮೇಲಿನ ಜಯಲಕ್ಷ್ಮೀವಿಲಾಸ ಅರಮನೆಯೂ (ಜಾನಪದ ವಸ್ತುಸಂಗ್ರಹಾಲಯ ಇರುವುದು ಅದರಲ್ಲೇ) ಆ ಕಡೆಯೇ.

ಕುವೆಂಪು ಈ ಕೆರೆಯ ದಂಡೆಯಲ್ಲಿ ನಡೆದಾಡಿದವರು. ಅವರು "ಕುಕ್ಕನಹಳ್ಳಿ" ಅಂತಲೇ ಬರೆಯುತ್ತಿದ್ದರು, ಈಗಲೂ ಹಳಬರ ಬಾಯಲ್ಲಿ ಆ ಹೆಸರು ಕೇಳಬಹುದು. ಆರ್.ಕೆ. ನಾರಾಯಣ್ ಅವರಿಗೂ ಇದು ನಡೆದಾಡುವ ಜಾಗ. ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ಅದೇ ಏರಿ. ಇಂಥವರ ಹೆಸರು ಅಂಟಿಕೊಂಡ ಕೆರೆಗೆ ಮಣ್ಣು ಸುರಿಯಲು ಯಾರಿಗಾದರೂ ಸ್ವಲ್ಪ ಅಂಜಿಕೆ ಇರುತ್ತದೆ.

---

ಹಾವಕ್ಕಿ

ಅಂಚಿಗೆ ಮಣ್ಣು ಸುರಿಯಲಿಲ್ಲ, ಸರಿ. ಚರಂಡಿ ನೀರು ಬಿಟ್ಟರಲ್ಲ! ಅದಕ್ಕೆ ಯಾರಿಗೂ ಅಂಜಿಕೆ ಆಗಲಿಲ್ಲ.

ನಾನು ಹಕ್ಕಿ ನೋಡಲು ಹೋಗುವವನು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಇರುಳು ಬಕ ಎಲ್ಲ ಇಲ್ಲಿವೆ. ನನ್ನ ಹೆಸರಿನ ಹಕ್ಕಿಯೂ ಇದೆ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ, ಥೇಟ್ ಹಾವು. ಅದರ ಗರಿ ನೀರು ಹೀರುತ್ತದೆ, ಅದಕ್ಕೇ ಆಳಕ್ಕೆ ಮುಳುಗಲು ಸುಲಭ. ಹೊರಗೆ ಬಂದ ಮೇಲೆ ಮಾತ್ರ ರೆಕ್ಕೆ ಅಗಲಿಸಿ ಬಟ್ಟೆ ಒಣಗಿಸಿದ ಹಾಗೆ ಕೂರಬೇಕು. ನಡುಗಡ್ಡೆಯ ಒಣ ಕೊಂಬೆ ನೋಡಿ, ಬೆಳಗ್ಗೆ ಎಂಟರ ಹೊತ್ತಿಗೆ ಒಂದಾದರೂ ಇರುತ್ತದೆ.

ಈಗ ಚರಂಡಿ ವಿಷಯ. ಕೊಳಕು ನೀರಿನಲ್ಲಿ ರಂಜಕ, ಸಾರಜನಕ ಇರುತ್ತದೆ. ಅಂದರೆ ಗೊಬ್ಬರ. ಅದು ಬಿದ್ದರೆ ನೀರು ಹಸಿರಾಗುತ್ತದೆ, ನೇರಳೆ ಹೂವಿನ ಜಲಕಳೆ ಚಾಪೆ ಹಾಸುತ್ತದೆ. ಜನ ಫೋಟೋ ತೆಗೆದುಕೊಳ್ಳುತ್ತಾರೆ, ಚೆಂದ ಅಂತ. ರಾತ್ರಿ ಹೊತ್ತು ಪಾಚಿಯೂ ಉಸಿರಾಡುತ್ತದೆ, ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೆಳಕು ಹರಿಯುವ ಮುಂಚೆ ಅದು ತೀರಾ ಕಡಿಮೆ. ಮೀನು ಸತ್ತು ತೇಲುವ ಸುದ್ದಿ ಯಾವಾಗಲೂ ಬೆಳಗಿನ ವಾಕಿಂಗ್‌ನವರೇ ಹೇಳುತ್ತಾರಲ್ಲ, ಕಾರಣ ಇದು.

---

ಸರಸ್ವತಿಪುರಂ ಸೊಸೆ

ಹಾಗಾದರೆ ಚರಂಡಿ ತಿರುಗಿಸಿದರೆ ಮುಗಿಯಿತು ಅಲ್ವಾ? ಆಮೇಲೆ ದಾರಿಗೆ ಲೈಟ್ ಹಾಕಲಿ. ಚಳಿಗಾಲದಲ್ಲಿ ಸಂಜೆ ಆರೂವರೆಗೆಲ್ಲ ಕತ್ತಲು. ಹೆಂಗಸರು ಒಬ್ಬರೇ ನಡೆಯಲು ಭಯ. ಹಕ್ಕಿ ಪ್ರೀತಿ ಇರಲಿ, ನಮಗೂ ಸ್ವಲ್ಪ ಜಾಗ ಬೇಡವೇ?

---

ಹಾವಕ್ಕಿ

ಬೇಕು. ಗೇಟಿನ ಹತ್ತಿರ, ರಸ್ತೆಯ ಬದಿ ಲೈಟ್ ಇರಲಿ, ನನ್ನ ವಿರೋಧ ಇಲ್ಲ. ನೀರಿನ ಕಡೆಗೆ ಮುಖ ಮಾಡಿದ ದೊಡ್ಡ ದೀಪ ಬೇಡ. ಇರುಳು ಬಕ ಕತ್ತಲಲ್ಲಿ ಬೇಟೆಯಾಡುವ ಹಕ್ಕಿ. ಹೆಜ್ಜಾರ್ಲೆ ಇಲ್ಲಿ ಗೂಡು ಕಟ್ಟುತ್ತದೆ. ಮಲಗುವ ಕೋಣೆಗೆ ಹ್ಯಾಲೊಜನ್ ಹಾಕಿದ ಹಾಗಾಗುತ್ತದೆ. ದೀಪ ಸೊಂಟದೆತ್ತರದಲ್ಲಿ, ನೆಲಕ್ಕೆ ಬೀಳುವ ಹಾಗೆ ಇದ್ದರೆ ಇಬ್ಬರಿಗೂ ಆಗುತ್ತದೆ.

ಆದರೆ "ಚರಂಡಿ ತಿರುಗಿಸಿದರೆ ಮುಗಿಯಿತು" ಅಂದಿರಲ್ಲ, ಅಲ್ಲೇ ಎಡವಟ್ಟು. ನಾಲೆ ಮುಚ್ಚಿಹೋದ ಕೆರೆಗೆ ವರ್ಷವಿಡೀ ಬರುತ್ತಿದ್ದ ನೀರು ಯಾವುದು? ಚರಂಡಿಯದೇ! ಅದನ್ನು ನಿಲ್ಲಿಸಿದರೆ ವಾಸನೆ ಹೋಗುತ್ತದೆ, ಜೊತೆಗೆ ನೀರೂ ಇಳಿಯುತ್ತದೆ. ಮಳೆ ನೀರಿನ ದಾರಿ ಬಿಡಿಸದೆ ಚರಂಡಿ ಮಾತ್ರ ನಿಲ್ಲಿಸಿದರೆ ಕೆರೆಯನ್ನು ಉಪವಾಸ ಕೆಡವಿದ ಹಾಗೆ. ಎರಡೂ ಒಟ್ಟಿಗೆ ಆಗಬೇಕು.

---

ಲೆಕ್ಕದ ಮೇಷ್ಟ್ರು

ಇದು ಈ ಚರ್ಚೆಯ ಅಸಲಿ ಮಾತು. ನಾವು ಕೆರೆ ಅಂದರೆ ಏರಿ, ನೀರು, ಬೆಂಚು ಅಂದುಕೊಂಡಿದ್ದೇವೆ. ಅದು ಕೊನೆಯ 62 ಹೆಕ್ಟೇರ್ ಮಾತ್ರ. 27 ಕಿಲೋಮೀಟರ್ ಕೈ ಹಿಂದೆ ಚಾಚಿಕೊಂಡಿದೆ. ಮಣ್ಣು ನೆಲಕ್ಕೆ ಬಿದ್ದ ಮಳೆಯ ಒಂದು ಪಾಲು ಇಂಗಿ, ಒಂದು ಪಾಲು ನಿಧಾನಕ್ಕೆ ನಾಲೆಗೆ ಇಳಿಯುತ್ತಿತ್ತು. ಈಗ ತಾರಸಿ, ಟಾರು, ಇಂಟರ್‌ಲಾಕ್ ಟೈಲ್ಸ್. ನೀರು ಒಂದೇ ಸಲ ನುಗ್ಗುತ್ತದೆ, ನಾಲೆ ಸಿಗದಿದ್ದರೆ ರಸ್ತೆ ಹಿಡಿಯುತ್ತದೆ, ರಸ್ತೆ ತಗ್ಗಿದ್ದಲ್ಲಿ ಹೊಸಬರ ಮನೆ ಹಿಡಿಯುತ್ತದೆ. ಒಂದೇ ಮಳೆಗೆ ಮೇಲೆ ಪ್ರವಾಹ, ಕೆಳಗೆ ಕೆರೆ ಖಾಲಿ.

---

ಹಿನಕಲ್ ಹೊಸಬ

ಹೊಟ್ಟೆ ಉರಿಸಬೇಡಿ ಮೇಷ್ಟ್ರೇ. 😀 ಇಎಂಐ ಇನ್ನೂ ಹದಿಮೂರು ವರ್ಷ ಇದೆ.

ನಾಲೆ ಎಲ್ಲಿ ಹೋಗುತ್ತಿತ್ತು ಅಂತ ನೋಡುವುದು ಹೇಗೆ?

---

ಕೊಪ್ಪಲು ಹುಡುಗ

ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಹಳೆಯ ಗ್ರಾಮ ನಕ್ಷೆ ಸಿಗುತ್ತದೆ, ಊರಿನ ಹೆಸರು ಹಾಕಿ ಇಳಿಸಿಕೊಳ್ಳಿ. ಹಳ್ಳ, ನಾಲೆ, ಕೆರೆ ಎಲ್ಲ ಗೆರೆಯಲ್ಲಿ ಇರುತ್ತದೆ. ಅದನ್ನು ಮೊಬೈಲಿನ ಸ್ಯಾಟಲೈಟ್ ಮ್ಯಾಪ್ ಪಕ್ಕ ಇಟ್ಟು ನೋಡಿ. ರಸ್ತೆ ಸುಮ್ಮಸುಮ್ಮನೆ ಎಲ್ಲಿ ಹಾವಿನ ಹಾಗೆ ಬಳುಕುತ್ತದೆಯೋ ಅಲ್ಲಿ ಅನುಮಾನ ಪಡಿ. ಲೇಔಟಿನವರು ರಸ್ತೆಯನ್ನು ಯಾವತ್ತೂ ನೆಟ್ಟಗೆ ಹಾಕುತ್ತಾರೆ. ಬಳುಕಿಸುವುದು ನೀರು.

---

ಹಿನಕಲ್ ಹೊಸಬ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ನಕ್ಷೆ ಇಳಿಸಿಕೊಂಡೆ. ಎರಡು ಗೆರೆ ನಮ್ಮ ಬೀದಿಯ ಹಿಂದಿನ ಸಾಲಿನ ಮೇಲೆ ಹೋಗಿವೆ. ನಮ್ಮ ಮನೆ ಮೇಲೆ ಅಲ್ಲ, ಪಕ್ಕದಲ್ಲಿ. ಉಸಿರು ಬಂತು.

ನಿನ್ನೆ ಭಾನುವಾರ, ಹಾಲಿನ ಅಂಗಡಿ ತಾತನನ್ನು ಕರೆದುಕೊಂಡು ಗೆರೆ ಹಿಡಿದು ನಡೆದೆವು. ಮೊದಲ ಅರ್ಧ ಕಿಲೋಮೀಟರ್ ಏನೂ ಇಲ್ಲ, ಕಾಂಪೌಂಡ್ ಮೇಲೆ ಕಾಂಪೌಂಡ್. ಆಮೇಲೆ ಒಂದು ಖಾಲಿ ಜಾಗದಲ್ಲಿ ಲಂಟಾನ ಸರಿಸಿ ತಾತ ನಿಂತರು. ಆಳದ ತಗ್ಗು, ಎರಡೂ ಬದಿ ಏರು ದಂಡೆ. ಮೇಲಿನಿಂದ ಯಾರೋ ಕಟ್ಟಡದ ಅವಶೇಷ ಸುರಿದಿದ್ದಾರೆ, ನೀಲಿ ಬಾತ್‌ರೂಮ್ ಟೈಲ್ಸ್, ಮುರಿದ ವಾಶ್‌ಬೇಸಿನ್. ಅದರ ಕೆಳಗೆ ಒದ್ದೆ ಮಣ್ಣು. ತಾತ ಕೋಲಿನಿಂದ ತೋರಿಸಿದರು: ದಂಡೆಯ ಬುಡದಲ್ಲಿ ಸಾಲಾಗಿ ತೂತು, ಪ್ರತಿ ತೂತಿನ ಬಾಯಲ್ಲಿ ಹೊಸ ಮಣ್ಣಿನ ಸಣ್ಣ ಸಣ್ಣ ಉಂಡೆ.

ಏಡಿ ಬಿಲ. ಎಣಿಸಿದೆ, ಕಣ್ಣಿಗೆ ಕಂಡದ್ದೇ ಹದಿನೇಳು.

ಮುಂದಿನ ಭಾನುವಾರ ಅಲ್ಲಿಂದ ಕೆರೆಯವರೆಗೆ ನಡೆಯೋಣ ಅಂತಿದ್ದೇವೆ. ಬೆಳಗ್ಗೆ ಆರಕ್ಕೆ. ಯಾರು ಬರುತ್ತೀರಿ?

---

ಹಾವಕ್ಕಿ

ನಾನು ಬರುತ್ತೇನೆ. ಬೂಟ್ಸ್ ಹಾಕಿಕೊಳ್ಳಿ, ಚಪ್ಪಲಿ ಬೇಡ.

---

ಸರಸ್ವತಿಪುರಂ ಸೊಸೆ

ನಾನೂ, ನಮ್ಮ ಅತ್ತೆಯೂ. ಮಳೆ ಬಂದರೆ?

---

ಲೆಕ್ಕದ ಮೇಷ್ಟ್ರು

ಮಳೆ ಬಂದರೆ ಕೊಡೆ ತನ್ನಿ, ಕ್ಯಾನ್ಸಲ್ ಇಲ್ಲ. ನೀರು ಯಾವ ಕಡೆ ಹೊರಡುತ್ತದೆ ಅಂತ ಆವತ್ತೇ ಸರಿಯಾಗಿ ಕಾಣುವುದು. ನಾನು ಟೇಪು ತರುತ್ತೇನೆ.